ಹಕ್ಕಿಯ ಪಂಚಾಂಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಅಂಚೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಗೊಂದಲದ ಸುತ್ತ ತಿರುಗುತ್ತಿವೆ. ಮೊನ್ನೆಯವರೆಗೆ ಕಾಣುತ್ತಿದ್ದ ಹಕ್ಕಿ ಈಗ ಏಕೆ ಕಾಣುತ್ತಿಲ್ಲ, ಇಷ್ಟು ದಿನ ಇಲ್ಲದ ಹಕ್ಕಿ ಈಗ ಎಲ್ಲಿಂದ ಬಂತು ಎಂಬುದೇ ಆ ಗೊಂದಲ. ನಾವು ವರ್ಷವನ್ನು ಮಳೆಗಾಲ, ಚಳಿಗಾಲ, ಬೇಸಿಗೆ ಎಂದು ಮೂರು ಪಾಲು ಮಾಡಿಕೊಂಡಿದ್ದೇವೆ. ಹಕ್ಕಿಗಳ ಪಾಲು ಬೇರೆ. ಅವು ನೀರು, ಹುಳು, ಹೂವು, ಹಣ್ಣುಗಳ ಲೆಕ್ಕದಲ್ಲಿ ಬದುಕುತ್ತವೆ. ಈ ಎರಡು ಲೆಕ್ಕಗಳು ಅಲ್ಲಲ್ಲಿ ಮಾತ್ರ ತಾಳೆಯಾಗುತ್ತವೆ, ತಾಳೆಯಾಗದ ಕಡೆಯಲ್ಲೆಲ್ಲ ಇಂತಹ ಪ್ರಶ್ನೆಗಳು ಹುಟ್ಟುತ್ತವೆ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಫೆಬ್ರುವರಿ ಕೊನೆಯಿಂದ ಕೋಗಿಲೆ ಕೂಗಲು ತೊಡಗುತ್ತದೆ, ಆಗಸ್ಟ್ ಕಳೆಯುವ ಹೊತ್ತಿಗೆ ದನಿಯೇ ಇರುವುದಿಲ್ಲ. ಅದು ವಲಸೆ ಹೋಗುವುದು ಯಾವ ದೇಶಕ್ಕೆ?

ಉತ್ತರ: ಕೋಗಿಲೆ ಯಾವ ದೇಶಕ್ಕೂ ಹೋಗಿರುವುದಿಲ್ಲ. ನಿಮ್ಮ ಬೀದಿಯಲ್ಲಿಯೇ, ಬಹುಶಃ ಅದೇ ಮರದ ದಟ್ಟ ಎಲೆಗಳ ನಡುವೆ, ಸುಮ್ಮನೆ ಕುಳಿತಿರುತ್ತದೆ. ನಾವು ಕೋಗಿಲೆಯನ್ನು ಕಣ್ಣಿನಿಂದ ಗುರುತಿಸುವುದಕ್ಕಿಂತ ಕಿವಿಯಿಂದ ಗುರುತಿಸುವುದೇ ಹೆಚ್ಚಾದ್ದರಿಂದ, ದನಿ ನಿಂತ ದಿನವೇ ಹಕ್ಕಿಯೂ ಹೊರಟುಹೋಯಿತು ಎಂದು ತಿಳಿದುಬಿಡುತ್ತೇವೆ.

ಕೂಗು ಸಂತಾನದ ಕಾಲಕ್ಕೆ ಸೇರಿದ್ದು. ಹಗಲು ದೀರ್ಘವಾಗುತ್ತ ಬಂದಂತೆ ಹಕ್ಕಿಯ ಮೆದುಳು ಆ ಬದಲಾವಣೆಯನ್ನು ಗ್ರಹಿಸಿ ಹಾರ್ಮೋನುಗಳನ್ನು ಚುರುಕುಗೊಳಿಸುತ್ತದೆ, ಕುಗ್ಗಿದ್ದ ಸಂತಾನಾಂಗಗಳು ಹಿಗ್ಗುತ್ತವೆ, ಗಂಡು ಕೂಗಲು ತೊಡಗುತ್ತದೆ. ಕಾಲ ಮುಗಿದ ಮೇಲೆ ಆ ಅಂಗಗಳು ಮತ್ತೆ ಕುಗ್ಗುತ್ತವೆ. ಹಾರುವ ಜೀವಿಗೆ ಬೇಡದ ಭಾರವನ್ನು ವರ್ಷವಿಡೀ ಹೊರುವುದು ದುಬಾರಿ. ಆದರೆ ನಮ್ಮ ಅಕ್ಷಾಂಶದಲ್ಲಿ ಹಗಲಿನ ಏರಿಳಿತ ದೊಡ್ಡದೇನಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸ ಮಾತ್ರ ಇದೆ. ಆದ್ದರಿಂದ ಇಲ್ಲಿನ ಹಕ್ಕಿಗಳು ಹಗಲಿನ ಜೊತೆಗೆ ಮಳೆ, ಆಹಾರ ಮತ್ತು ಕೋಗಿಲೆಯ ವಿಷಯದಲ್ಲಿ ಕಾಗೆಯ ಗೂಡು ಇವುಗಳನ್ನೂ ಗಮನಿಸಿ ನಡೆಯುತ್ತವೆ. ಕಾಗೆ ಗೂಡು ಕಟ್ಟದ ಹೊರತು ಕೋಗಿಲೆಗೆ ಮೊಟ್ಟೆ ಇಡಲು ಜಾಗವಿಲ್ಲ. ಹಾಗೆ ಇಟ್ಟ ಮೊಟ್ಟೆ ಕಾಗೆಯದಕ್ಕಿಂತ ಎರಡು ಮೂರು ದಿನ ಮೊದಲೇ ಒಡೆಯುವುದರಿಂದ ಕೋಗಿಲೆಯ ಮರಿಗೆ ತುತ್ತಿನಲ್ಲಿ ಮುಂಗಡ ದೊರೆಯುತ್ತದೆ.

ನವೆಂಬರ್, ಡಿಸೆಂಬರಿನಲ್ಲಿ ಕೋಗಿಲೆಯನ್ನು ನೋಡಬೇಕೆಂದರೆ ಹಣ್ಣು ಬಿಟ್ಟ ಆಲ, ಅರಳಿ, ಅತ್ತಿಯ ಮರದ ಕೆಳಗೆ ಅರ್ಧ ಗಂಟೆ ನಿಲ್ಲಿರಿ. ಕೆಂಪು ಕಣ್ಣಿನ ಕಪ್ಪು ಹಕ್ಕಿ ಗಂಡು. ಕಂದು ಮೈಮೇಲೆ ಬಿಳಿ ಚುಕ್ಕೆ, ಪಟ್ಟೆಗಳಿರುವುದು ಹೆಣ್ಣು. ಈ ಹೆಣ್ಣನ್ನು ಬೇರೊಂದು ಹಕ್ಕಿಯೆಂದು ಬಗೆದು ಚಿತ್ರ ಕಳುಹಿಸಿ ಹೆಸರು ಕೇಳುವ ಓದುಗರು ಪ್ರತಿ ವರ್ಷವೂ ಇರುತ್ತಾರೆ. ಮಡಿವಾಳ ಹಕ್ಕಿಯ ಕಥೆಯೂ ಹೀಗೆಯೇ: ಬೇಸಿಗೆಯ ನಸುಕಿನಲ್ಲಿ ಮನೆಯ ತುದಿಯಲ್ಲಿ ಕುಳಿತು ಹಾಡುವ ಅದು ಚಳಿಗಾಲದಲ್ಲಿ ಪೊದೆಯ ಬುಡದಲ್ಲಿ ಗೊಣಗುಟ್ಟುತ್ತ ತಿರುಗುತ್ತದೆ.

ಪ್ರಶ್ನೆ: ವಲಸೆ ಹಕ್ಕಿಗಳನ್ನು ನೋಡಲು ಚಳಿ ಬಿದ್ದ ಮೇಲೆ, ಅಂದರೆ ಡಿಸೆಂಬರಿನಲ್ಲಿ ಹೊರಟರೆ ಸಾಕೇ? ಅವು ಚಳಿ ತಾಳಲಾರದೆ ಬರುತ್ತವೆ ಎಂದು ಶಾಲೆಯಲ್ಲಿ ಓದಿದ್ದೆ.

ಉತ್ತರ: ಡಿಸೆಂಬರಿನಲ್ಲಿ ಹೊರಟರೆ ಅರ್ಧ ಆಟ ಮುಗಿದಿರುತ್ತದೆ. ಮಳೆಗಾಲ ಇನ್ನೂ ಜೋರಾಗಿರುವ ಆಗಸ್ಟಿನಲ್ಲಿಯೇ ಗದ್ದೆಗೊರವಗಳು ಕೆಸರುಗದ್ದೆಗಳಿಗೆ ಇಳಿದಿರುತ್ತವೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಹೊಳೆಯ ಬಂಡೆಗಳ ಮೇಲೆ ಬಾಲ ಕುಣಿಸುತ್ತ ಬೂದು ಸಿಪಿಲೆ ಕಾಣಿಸಿಕೊಳ್ಳುತ್ತದೆ. ಸೆಪ್ಟೆಂಬರಿನಲ್ಲಿಯೇ ಕಂದು ಕಳಿಂಗ ಬೇಲಿಯ ಮೇಲೆ ಕುಳಿತು ಕರ್ಕಶವಾಗಿ ಕೂಗುತ್ತ ತನ್ನ ಗಡಿಯನ್ನು ಸಾರುತ್ತದೆ. ಅದೇ ಸುಮಾರಿಗೆ ಹಸಿರು ಉಲಿಯಕ್ಕಿಗಳು ಮರದ ತುದಿಗಳನ್ನು ಸೇರುತ್ತವೆ. ಇವುಗಳನ್ನು ನೋಡುವುದು ಕಷ್ಟ, ಎರಡು ಸ್ವರದ ಚುರುಕಾದ ಕರೆಯನ್ನು ಒಮ್ಮೆ ಕಲಿತರೆ ಮಾತ್ರ ಊರಿನ ಮೂರು ಮರಗಳಲ್ಲಿ ಒಂದರಲ್ಲಿ ಕೇಳಿಸುತ್ತದೆ. ಬಾತುಗಳು ಬರುವುದು ತಡ. ಸೂಜಿಬಾಲದ ಬಾತುಗಳ ದೊಡ್ಡ ಹಿಂಡುಗಳು ನವೆಂಬರಿನಲ್ಲಿ ತುಂಬಿಕೊಳ್ಳತೊಡಗುತ್ತವೆ, ಪಟ್ಟೆತಲೆ ಹೆಬ್ಬಾತುಗಳು ಅವುಗಳಿಗಿಂತಲೂ ತಡ.

ಇನ್ನು ಚಳಿಯ ಮಾತು. ಪಾಠಪುಸ್ತಕದ ವಾಕ್ಯ ಪೂರ್ತಿ ಸುಳ್ಳಲ್ಲ, ಆದರೆ ಕಾರಣವನ್ನು ಒಂದು ಮೆಟ್ಟಿಲು ದಾಟಿಸಿ ಹೇಳುತ್ತದೆ. ಪಟ್ಟೆತಲೆ ಹೆಬ್ಬಾತು ಟಿಬೆಟ್ ಮತ್ತು ಮಂಗೋಲಿಯದ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಹಕ್ಕಿ. ಹಿಮಾಲಯ ದಾಟುವಾಗ 7,000 ಮೀಟರಿಗಿಂತ ಹೆಚ್ಚಿನ ಎತ್ತರದಲ್ಲಿ ಹಾರಿದ್ದನ್ನು ಉಪಗ್ರಹ ಸಾಧನಗಳು ದಾಖಲಿಸಿವೆ. ಅಂತಹ ಹಕ್ಕಿಗೆ ಚಳಿ ದೊಡ್ಡ ವೈರಿಯಲ್ಲ. ನೆಲ ಹೆಪ್ಪುಗಟ್ಟಿದರೆ ಹುಲ್ಲು ಸಿಗದು, ಕೆಸರು ಗಡುಸಾದರೆ ಹುಳು ಸಿಗದು, ಓಡಿಸುವುದು ಹಸಿವು. ಉತ್ತರದ ಬೇಸಿಗೆ ತೀರ ಮೊಟಕಾದದ್ದು: ಮೇ ಕೊನೆಗೆ ಹಿಮ ಕರಗಿ, ಜೂನಿನಲ್ಲಿ ಮೊಟ್ಟೆಯಿಟ್ಟು, ಜುಲೈಗೆ ಮರಿ ಎದ್ದುಬಿಟ್ಟರೆ ಅಲ್ಲಿ ಉಳಿಯಲು ಬೇರೆ ಕಾರಣವಿಲ್ಲ. ಗೊರವಗಳ ಹಲವು ಜಾತಿಗಳಲ್ಲಿ ತಾಯಿತಂದೆಯರು ಮೊದಲು ಹೊರಟುಬಿಡುತ್ತವೆ. ಮರಿಗಳು ವಾರಗಳ ನಂತರ, ದಾರಿ ತೋರುವ ಹಿರಿಯರಿಲ್ಲದೆ, ಹುಟ್ಟಿನಿಂದಲೇ ಪಡೆದ ದಿಕ್ಕಿನ ಅರಿವನ್ನು ನೆಚ್ಚಿ, ಸೂರ್ಯ, ನಕ್ಷತ್ರ ಮತ್ತು ಭೂಮಿಯ ಕಾಂತಶಕ್ತಿಯ ಆಸರೆಯಲ್ಲಿ ಹಿಂಬಾಲಿಸುತ್ತವೆ. ಈ ಸಂಗತಿಯನ್ನು ಎಷ್ಟು ಸಲ ಓದಿದರೂ ನನಗೆ ಅದು ಹಳತಾಗಿಲ್ಲ.

ಹೋಗುವ ಕಾಲವೂ ನೋಡತಕ್ಕದ್ದು, ಅದನ್ನು ಕಡೆಗಣಿಸುವವರೇ ಹೆಚ್ಚು. ಫೆಬ್ರುವರಿ, ಮಾರ್ಚಿನಲ್ಲಿ ಬೂರುಗ ಮತ್ತು ಮುತ್ತುಗದ ಮರಗಳು ಎಲೆಯುದುರಿಸಿ ಹೂವಾಗಿ ನಿಂತಾಗ ಗುಲಾಬಿ ಕಬ್ಬಕ್ಕಿಗಳ ಹಿಂಡು ಅವುಗಳ ಮೇಲೆ ಗದ್ದಲವೆಬ್ಬಿಸುತ್ತದೆ. ಬಂದಾಗ ಮಾಸಲಾಗಿದ್ದ ಅವುಗಳ ಮೈ ಆಗ ನಿಜವಾಗಿ ಗುಲಾಬಿಯಾಗಿರುತ್ತದೆ. ಗರಿಗಳ ಕಂದು ಅಂಚು ಸವೆದು ಒಳಗಿನ ಬಣ್ಣ ಹೊರಬೀಳುವುದೇ ಇದಕ್ಕೆ ಕಾರಣ. ಏಪ್ರಿಲ್ ನಡುವಿನ ಹೊತ್ತಿಗೆ ಅವು ಮಧ್ಯ ಏಷ್ಯದ ಕಡೆಗೆ ಹೊರಟಿರುತ್ತವೆ.

ಪ್ರಶ್ನೆ: ಮೂರು ವರ್ಷಗಳ ಬರದ ನಂತರ ಈ ಸಲ ನಮ್ಮೂರ ಕೆರೆ ಕೋಡಿ ಬಿದ್ದಿದೆ. ಹಕ್ಕಿಗಳು ತುಂಬಿರುತ್ತವೆ ಎಂದು ನಿರೀಕ್ಷಿಸಿದ್ದೆ. ಜನವರಿಯಾದರೂ ಬರದ ವರ್ಷದ ಕಾಲು ಭಾಗವೂ ಇಲ್ಲ. ನೀರು ಕೆಟ್ಟಿದೆಯೇ?

ಉತ್ತರ: ನೀರು ಕೆಟ್ಟಿರಲೂಬಹುದು, ಆದರೆ ನೀವು ಬರೆದಿರುವ ವಿವರಗಳಲ್ಲಿ ಅದಕ್ಕೆ ಸಾಕ್ಷಿಯಿಲ್ಲ. ಹೆಚ್ಚು ಸರಳವಾದ ಕಾರಣವೊಂದಿದೆ: ಕೆರೆ ತುಂಬಿರುವುದೇ ಹಕ್ಕಿ ಕಡಿಮೆಯಾಗಲು ಕಾರಣ.

ಕೆರೆಯನ್ನು ನಾವು ಮೇಲಿನಿಂದ, ಎಷ್ಟು ಅಗಲಕ್ಕೆ ಹರಡಿದೆ ಎಂದು ನೋಡುತ್ತೇವೆ. ಹಕ್ಕಿ ನೋಡುವುದು ಆಳವನ್ನು. ಸಣ್ಣ ಗೊರವಕ್ಕೆ ಬೇಕಾದದ್ದು ತೇವದ ಕೆಸರು, ಹೆಚ್ಚೆಂದರೆ ಎರಡು ಬೆರಳಿನಷ್ಟು ನೀರು. ಮೆಟ್ಟುಗಾಲು ಹಕ್ಕಿ ಗೇಣುದ್ದದ ನೀರಿನವರೆಗೂ ನಡೆದೀತು. ಸೂಜಿಬಾಲದ ಬಾತು ತಲೆಯನ್ನು ಕೆಳಗೆ, ಬಾಲವನ್ನು ಮೇಲೆ ಮಾಡಿ ತಳದ ಬೀಜ, ಗೆಡ್ಡೆಗಳನ್ನು ತೆಗೆಯುವ ಹಕ್ಕಿಯಾದ್ದರಿಂದ ಅದರ ಕತ್ತು ನಿಲುಕುವಷ್ಟು ಆಳ ಮಾತ್ರ ಅದಕ್ಕೆ ಉಪಯೋಗ. ಕೊಕ್ಕರೆಗಳಿಗೂ ಬಕಗಳಿಗೂ ಕಾಲಿನ ಉದ್ದವೇ ಗಡಿ. ಕೋಡಿ ಬಿದ್ದ ಕೆರೆಯಲ್ಲಿ ಏರಿಯಿಂದ ಏರಿಯವರೆಗೆ ಆಳವೇ ಆಳ. ಮುಳುಗಿ ಮೀನು ಹಿಡಿಯುವ ನೀರುಕಾಗೆ ಮತ್ತು ಗುಳುಮುಳುಕಗಳನ್ನು ಬಿಟ್ಟರೆ ಉಳಿದವರಿಗೆ ಅದು ಎಲೆ ಹಾಕಿ ಬಡಿಸದ ಊಟ.

ಎರಡನೆಯ ಕಾರಣ ನಿಮ್ಮ ಕೆರೆಯ ಹೊರಗಿದೆ. ಮಳೆ ಚೆನ್ನಾಗಿ ಆದ ವರ್ಷ ನಿಮ್ಮೂರ ಕೆರೆಯೊಂದೇ ತುಂಬುವುದಿಲ್ಲ, ಸುತ್ತಲಿನ ಕಟ್ಟೆ, ಕುಂಟೆ, ಗದ್ದೆ, ಹಳ್ಳಗಳೂ ತುಂಬಿರುತ್ತವೆ. ಅಷ್ಟೇ ಹಕ್ಕಿಗಳು ಹತ್ತು ಪಟ್ಟು ಜಾಗದಲ್ಲಿ ಚದುರಿಹೋಗಿರುತ್ತವೆ. ಬರದ ವರ್ಷ ಉಳಿದ ಒಂದೇ ಕೆರೆಯಲ್ಲಿ ಎಲ್ಲವೂ ಕಿಕ್ಕಿರಿದಾಗ ನಮಗೆ ಅದು ಸಮೃದ್ಧಿಯಂತೆ ಕಾಣುತ್ತದೆ, ವಾಸ್ತವದಲ್ಲಿ ಅದು ಇಕ್ಕಟ್ಟು. ಪತ್ರಿಕೆಗಳಲ್ಲಿ ಆಗಾಗ ಬರುವ ‘ವಲಸೆ ಹಕ್ಕಿಗಳ ಸಂಖ್ಯೆ ಕುಸಿತ’ ಎಂಬ ಸುದ್ದಿಗಳನ್ನು ಓದುವಾಗ, ಆ ವರ್ಷದ ಮಳೆಯನ್ನೂ ನೆರೆಯ ಕೆರೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ಎಂದು ನಾನು ಮೊದಲು ಹುಡುಕುತ್ತೇನೆ. ನಿಜವಾದ ಕುಸಿತಗಳು ಇಲ್ಲವೆಂದಲ್ಲ. ಒಂದು ಕೆರೆಯ ಒಂದು ವರ್ಷದ ಎಣಿಕೆಯಿಂದ ಅವನ್ನು ಹೇಳಲಾಗದು ಎಂಬುದಷ್ಟೇ ನನ್ನ ಮಾತು. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವುದು, ಒಂದೇ ಕಾಲದಲ್ಲಿ ಅನೇಕ ಜಲನೆಲೆಗಳನ್ನು ಎಣಿಸುವುದು ಇದೇ ಕಾರಣಕ್ಕಾಗಿ.

ನಿಮಗೆ ನನ್ನ ಸಲಹೆ ಇದು. ತೂಬಿನ ಕಲ್ಲಿನ ಮೇಲೋ ಸೋಪಾನದ ಮೇಲೋ ಒಂದು ಗುರುತನ್ನು ನಿಶ್ಚಯಿಸಿಕೊಂಡು, ಹೋದಾಗಲೆಲ್ಲ ನೀರು ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂದು ಬರೆದಿಡಿರಿ. ಫೆಬ್ರುವರಿ ಕೊನೆಗೆ ನೀರು ಇಳಿದು ಅಂಚಿನಲ್ಲಿ ಕೆಸರಿನ ಪಟ್ಟಿ ತೆರೆದುಕೊಂಡಾಗ ಮತ್ತೆ ಎಣಿಸಿರಿ; ಹೊರಡುವ ಮುನ್ನ ಕೊಬ್ಬು ಕೂಡಿಸಿಕೊಳ್ಳುವ ಗೊರವಗಳು ಆ ಪಟ್ಟಿಗೆ ಬರುವ ಸಂಭವ ಹೆಚ್ಚು. ನಿಮ್ಮ ಕೆರೆಗೆ ಈ ವರ್ಷ ‘ಚಳಿಗಾಲ’ ತಡವಾಗಿ ಬರುತ್ತದೆ ಎಂದು ತಿಳಿಯಿರಿ.

ಪ್ರಶ್ನೆ: ಜೂನಿನಲ್ಲಿ ಉಳುಮೆಯ ಹಿಂದೆ ಬರುವ ಬೆಳ್ಳಕ್ಕಿಗಳಲ್ಲಿ ಕೆಲವಕ್ಕೆ ತಲೆ, ಕತ್ತು ಕಿತ್ತಳೆ ಬಣ್ಣದ್ದಿತ್ತು. ಇದು ಬೇರೆ ಜಾತಿಯೇ?

ಉತ್ತರ: ಅದೇ ಹಕ್ಕಿ. ದನಗಳ ಜೊತೆ ತಿರುಗುವ ಗೋವಕ್ಕಿಗೆ ಸಂತಾನದ ಕಾಲದಲ್ಲಿ ತಲೆ, ಕತ್ತು, ಬೆನ್ನಿನ ಮೇಲೆ ಆ ಬಣ್ಣ ಬರುತ್ತದೆ, ಕಾಲ ಕಳೆದ ಮೇಲೆ ಮತ್ತೆ ಬಿಳಿ. ಕೊಳದ ಬಕದ ಬೆನ್ನು ಇದೇ ಸಮಯದಲ್ಲಿ ಕಡು ಕೆಂಗಂದಾಗುತ್ತದೆ. ಗಂಡು ಗೀಜಗದ ಹಳದಿ ಟೋಪಿ ಮಳೆಗಾಲದ್ದು, ಉಳಿದ ಕಾಲದಲ್ಲಿ ಅದನ್ನು ಹೆಣ್ಣು ಗುಬ್ಬಚ್ಚಿಯಿಂದ ಬೇರ್ಪಡಿಸಲು ಎರಡು ಸಲ ನೋಡಬೇಕು. ಮಿರುಗುವ ನೇರಳೆ ಸೂರಕ್ಕಿಯ ಗಂಡು ಸಂತಾನದ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಹಳದಿಯಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಕೈಪಿಡಿಯ ಚಿತ್ರವನ್ನು ನೋಡುವಾಗ ಅದು ಯಾವ ಕಾಲದ ಉಡುಗೆ ಎಂದು ಅಡಿಬರಹವನ್ನು ಓದುವ ಅಭ್ಯಾಸವಿದ್ದರೆ ಇಂತಹ ಅರ್ಧಕ್ಕರ್ಧ ‘ಹೊಸ ಜಾತಿ’ಗಳು ಕರಗಿಹೋಗುತ್ತವೆ.

ಪ್ರಶ್ನೆ: ನಾನು ಮಲೆನಾಡಿನವಳು, ಮದುವೆಯಾಗಿ ಬಯಲುಸೀಮೆಗೆ ಬಂದಿದ್ದೇನೆ. ತವರಿನಲ್ಲಿ ಮಳೆಗಾಲವೆಂದರೆ ಹಕ್ಕಿಗಳಿಗೆ ಕಷ್ಟಕಾಲ. ಇಲ್ಲಿ ಮಳೆ ಬಂದ ಕೂಡಲೇ ಗೂಡು ಕಟ್ಟುತ್ತವೆ. ಒಂದೇ ರಾಜ್ಯದಲ್ಲಿ ಹೀಗೇಕೆ?

ಉತ್ತರ: ಇಷ್ಟು ಚೆನ್ನಾಗಿ ಎರಡು ಊರುಗಳನ್ನು ಹೋಲಿಸಿ ನೋಡಿದ ಪತ್ರ ಈಚೆಗೆ ಬಂದಿರಲಿಲ್ಲ. ನೀವು ಕಂಡದ್ದು ಸರಿ. ಘಟ್ಟದ ಸೀಮೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಾಗಗಳು ಹಲವಿವೆ, ಆಗುಂಬೆಯಂತಹ ಕಡೆ ಅದರ ಎರಡರಷ್ಟು. ಘಟ್ಟದ ಮರೆಯ ಬಯಲಿನಲ್ಲಿ 500ರಿಂದ 700 ಮಿಲಿಮೀಟರ್ ಆದರೆ ಒಳ್ಳೆಯ ವರ್ಷ. ಎಡೆಬಿಡದ ಜಡಿಮಳೆಯಲ್ಲಿ ಹುಳು ಹಿಡಿದು ಮರಿಗೆ ತಿನ್ನಿಸುವುದು ಸಣ್ಣ ಹಕ್ಕಿಗೆ ಆಗದ ಮಾತು. ಆದ್ದರಿಂದ ಘಟ್ಟದ ಅನೇಕ ಹಕ್ಕಿಗಳು ಫೆಬ್ರುವರಿಯಿಂದ ಮೇ ತಿಂಗಳೊಳಗೆ ಸಂಸಾರ ಮುಗಿಸಿಬಿಡುತ್ತವೆ. ದಾಂಡೇಲಿಯ ಕಾಡಿನ ಮಂಗಟ್ಟೆಗಳನ್ನು ನೋಡಿರಿ: ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಪೊಟರೆಯ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟು ಸೀಳನ್ನು ಮಾತ್ರ ಬಿಟ್ಟು, ಗಂಡು ತಂದುಕೊಡುವ ಹಣ್ಣಿನ ಮೇಲೆ ಬದುಕುವುದು ಬೇಸಿಗೆಯಲ್ಲಿ. ಮುಂಗಾರು ಬಿರುಸಾಗುವ ಮೊದಲು ಮರಿ ಹೊರಬಂದಿರಬೇಕು ಎಂಬುದೇ ಆ ಲೆಕ್ಕ.

ಬಯಲಿನಲ್ಲಿ ಬೇಸಿಗೆಯೇ ಕಷ್ಟಕಾಲ. ಮೊದಲ ಹದಮಳೆಗೆ ಹುಲ್ಲು ಚಿಗುರಿ, ಮಿಡತೆ, ಕಂಬಳಿಹುಳುಗಳು ಹೆಚ್ಚಿ, ಹುಲ್ಲಿನ ಬೀಜ ಕಟ್ಟುವವರೆಗಿನ ತಿಂಗಳುಗಳೇ ಅಲ್ಲಿನ ಹಕ್ಕಿಗಳಿಗೆ ಸುಗ್ಗಿ. ಗೀಜಗ ಮಳೆಗೆ ಕಾಯುವುದು ಮರಿಗಳ ಹುಳುವಿಗಾಗಿ ಮಾತ್ರವಲ್ಲ, ನೇಯಲು ಉದ್ದವಾದ ಹಸಿ ಎಳೆ ಬೇಕು ಎಂಬುದಕ್ಕಾಗಿಯೂ. ಒಣಗಿದ ಎಳೆ ಗಂಟು ಹಾಕುವ ಮೊದಲೇ ಮುರಿಯುತ್ತದೆ. ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿಯೋ ಈಚಲಿನಲ್ಲಿಯೋ ಗಂಡು ಅರ್ಧ ಗೂಡನ್ನು, ಬೋರಲು ಹಾಕಿದ ಬುಟ್ಟಿಯ ಆಕಾರಕ್ಕೆ ತಂದು ನಿಲ್ಲಿಸಿ, ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಮಾತ್ರ ಉಳಿದರ್ಧ ಮತ್ತು ಬಾಗಿಲ ನಳಿಗೆ. ಒಪ್ಪದಿದ್ದರೆ ಆ ಅರ್ಧ ಗೂಡು ಹಾಗೆಯೇ ತೂಗಾಡುತ್ತಿರುತ್ತದೆ. ಒಂದು ಮರದಲ್ಲಿ ಇಂತಹವು ಎಷ್ಟು, ಪೂರ್ತಿಯಾದವು ಎಷ್ಟು ಎಂದು ಎಣಿಸಿ ನೋಡಿರಿ.

ಮಲೆನಾಡಿನ ಮಳೆಗಾಲವನ್ನೂ ಪೂರ್ತಿ ತಳ್ಳಿಹಾಕಬೇಕಾಗಿಲ್ಲ. ಮನುಷ್ಯನೇ ಸಿಳ್ಳೆ ಹಾಕಿದಂತೆ ಹಾಡುವ ಮಲಬಾರ್ ಸಿಳ್ಳಾರದ ಸ್ವರ ಹಳ್ಳದ ಮೊರೆತದ ಮೇಲೆ ತೇಲಿಬರುವುದು ಆಗಲೇ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಕೆಂಬರಲುಗಳೂ ತುಂಗೆಯ ನಡುವಿನ ಮಂಡಗದ್ದೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳೂ ಮಳೆಗಾಲದಲ್ಲಿಯೇ ಗೂಡು ಕಟ್ಟುತ್ತವೆ. ನೀರಿನಿಂದ ಸುತ್ತುವರಿದ ಮರ ಅವಕ್ಕೆ ಕೋಟೆ. ಇದಕ್ಕೆ ಪ್ರತಿಯಾಗಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ನೀರು ಇಳಿದು ಮೀನು ಒತ್ತೊತ್ತಾಗುವ ಕಾಲಕ್ಕೆ ಹೊಂದಿಸಿಕೊಂಡು, ಚಳಿಗಾಲದ ನಡುವೆ ಬಂದು ಬೇಸಿಗೆಯಲ್ಲಿ ಮರಿ ಸಾಕುತ್ತವೆ. ಕಾವೇರಿಯ ರಂಗನತಿಟ್ಟಿನಲ್ಲಿಯೂ, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಧಾಮವಾದ ಆ ನಡುಗಡ್ಡೆಗಳಲ್ಲಿಯೂ, ಬೇಸಿಗೆಗೆ ಮುಂಚಿನಿಂದ ಗೂಡುಗಳ ಸಂತೆ ನೆರೆಯುತ್ತದೆ.

ಪ್ರಶ್ನೆ: ಚಾತಕ ಪಕ್ಷಿ ಕಂಡ ಎಷ್ಟು ದಿನಕ್ಕೆ ಮಳೆ ಬರುತ್ತದೆ? ಅದು ಮಳೆಹನಿಯನ್ನು ಮಾತ್ರ ಕುಡಿಯುವುದು ನಿಜವೇ?

ಉತ್ತರ: ಎರಡನೆಯದು ಕವಿಸಮಯ. ಚಾತಕದ ಮುಖ್ಯ ಆಹಾರ ಕಂಬಳಿಹುಳು. ಅವು ಹೆಚ್ಚುವುದು ಮಳೆಯೊಂದಿಗೆ, ಅದರಿಂದ ಹಕ್ಕಿಗೂ ಮಳೆಗೂ ನಂಟು ಬೆಳೆದಿದೆ. ಮೊದಲನೆಯದಕ್ಕೆ ಉತ್ತರ ನೀವು ಎಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ. ಆಫ್ರಿಕದಿಂದ ನೈರುತ್ಯ ಮಾರುತದ ಜೊತೆಗೆ ಅರಬ್ಬಿ ಸಮುದ್ರ ದಾಟಿ ಬರುವ ಚಾತಕಗಳು ಮಧ್ಯ ಮತ್ತು ಉತ್ತರ ಭಾರತದಲ್ಲಿ ಹರಡಿಕೊಳ್ಳುತ್ತವೆ, ಅಲ್ಲಿ ಅದನ್ನು ಮುಂಗಾರಿನ ದೂತ ಎನ್ನುವುದರಲ್ಲಿ ಅರ್ಥವಿದೆ. ದಕ್ಷಿಣ ಭಾರತದಲ್ಲಿ ಇಲ್ಲಿಯೇ ನೆಲೆಸಿರುವ ಚಾತಕಗಳೂ ಇವೆ. ಹಾಗಾಗಿ ನಿಮ್ಮ ತೋಟದಲ್ಲಿ ಮಾರ್ಚಿನಲ್ಲಿ ಚಾತಕ ಕಂಡಿತೆಂದು ಬಿತ್ತನೆಗೆ ಸಿದ್ಧರಾಗಬೇಡಿರಿ. ಗಮನಿಸಲು ಇನ್ನೂ ಒಂದಿದೆ: ಚಾತಕವೂ ಕೋಗಿಲೆಯಂತೆ ಪರರ ಗೂಡಿನಲ್ಲಿ ಮೊಟ್ಟೆ ಇಡುವ ಹಕ್ಕಿ. ಹರಟೆಮಲ್ಲಗಳ ಗೂಡಿನಲ್ಲಿ, ಅವುಗಳ ಮೊಟ್ಟೆಯಂತೆಯೇ ನೀಲಿಯಾದ ಮೊಟ್ಟೆಯನ್ನು ಇಟ್ಟುಹೋಗುತ್ತದೆ. ಆಮೇಲೆ ಏಳೆಂಟು ಹರಟೆಮಲ್ಲಗಳ ಗುಂಪು ಕಪ್ಪು ಬಿಳಿ ಜುಟ್ಟಿನ ಒಂದು ಪರಕೀಯ ಮರಿಯ ಹಿಂದೆ ಓಡಾಡುವುದನ್ನು ನೀವು ನೋಡಬಹುದು.

ಪ್ರಶ್ನೆ: ಅಕ್ಟೋಬರಿನ ಒಂದು ಬೆಳಿಗ್ಗೆ ನಮ್ಮ ಜಗುಲಿಯಲ್ಲಿ ಹಸಿರು, ನೀಲಿ, ಕೆಂಪು ಬಣ್ಣದ, ಮೋಟು ಬಾಲದ ಹಕ್ಕಿಯೊಂದು ಹಾರಲಾರದೆ ಕುಳಿತಿತ್ತು. ಬಾಯಿಗೆ ನೀರು ಹಾಕಿದೆವು, ಸಂಜೆಗೆ ಸತ್ತಿತು. ಏನು ತಪ್ಪಾಯಿತು?

ಉತ್ತರ: ನೀವು ವಿವರಿಸಿದ್ದು ನವರಂಗ. ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದಲ್ಲಿ ಮಳೆಗಾಲದ ಸಂಸಾರ ಮುಗಿಸಿ, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಬರುತ್ತದೆ. ರಾತ್ರಿ ಹಾರುವ ಈ ಹಕ್ಕಿಗಳು ದೀಪದ ಬೆಳಕಿಗೆ ದಾರಿ ತಪ್ಪಿ, ಗಾಜಿಗೆ ಬಡಿದು, ದಣಿದು, ಹೀಗೆ ಮನೆಗಳಿಗೆ ಬಂದು ಬೀಳುವುದು ಪ್ರತಿ ವರ್ಷವೂ ಕೇಳಿಬರುವ ಸಂಗತಿ. ನೀವು ನೀರು ಹಾಕಿದ್ದರಿಂದಲೇ ಸತ್ತಿತು ಎಂದು ಹೇಳುವ ಹಾಗಿಲ್ಲ; ಗಾಜಿಗೆ ಬಡಿದು ಒಳಗೆ ಪೆಟ್ಟಾಗಿದ್ದರೆ ಯಾರಿಂದಲೂ ಉಳಿಸಲಾಗುತ್ತಿರಲಿಲ್ಲ. ಆದರೂ ಮುಂದಿನ ಸಲಕ್ಕೆ ತಿಳಿದಿರಲಿ: ದಣಿದ ಹಕ್ಕಿಯ ಬಾಯಿಗೆ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ, ಬೆಕ್ಕು, ಮಕ್ಕಳು, ಫೋಟೊ ತೆಗೆಯುವ ನೆರೆಯವರು ಯಾರೂ ಸುಳಿಯದ ಕತ್ತಲೆ ಕೋಣೆಯಲ್ಲಿ ಬಿಡಿರಿ. ಬರಿಯ ಸುಸ್ತಾಗಿದ್ದರೆ ಒಂದೆರಡು ಗಂಟೆಗಳಲ್ಲಿ ಪೆಟ್ಟಿಗೆಯೊಳಗೆ ಸದ್ದು ಮಾಡುತ್ತದೆ. ಆಗ ತರಗೆಲೆ ಬಿದ್ದ, ಪೊದೆಯಿರುವ ಜಾಗದಲ್ಲಿ ತೆರೆದು ಬಿಡಿರಿ, ಏಕೆಂದರೆ ನವರಂಗ ತರಗೆಲೆ ಕೆದಕಿ ಹುಳು ತಿನ್ನುವ ನೆಲದ ಹಕ್ಕಿ. ರೆಕ್ಕೆ ಜೋತುಬಿದ್ದಿದ್ದರೆ ಪಶುವೈದ್ಯರಿಗೋ ಅರಣ್ಯ ಇಲಾಖೆಗೋ ತಲುಪಿಸಿರಿ. ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ.

ಪ್ರಶ್ನೆ: ಮೊದಲ ಸಲ ಬೈನಾಕ್ಯುಲರ್ ಕೊಳ್ಳುವವರು ಎಷ್ಟು ಪಟ್ಟಿನದು ಕೊಳ್ಳಬೇಕು?

ಉತ್ತರ: ಎಂಟು ಪಟ್ಟು, ಮುಂದಿನ ಮಸೂರ 42 ಮಿಲಿಮೀಟರ್ ಇರುವುದು. ಹತ್ತು ಪಟ್ಟಿನದರಲ್ಲಿ ಹಕ್ಕಿಯ ಜೊತೆಗೆ ನಿಮ್ಮ ಕೈಯ ನಡುಕವೂ ಹತ್ತು ಪಟ್ಟಾಗುತ್ತದೆ, ಮೋಡ ಕವಿದ ಬೆಳಕಿನಲ್ಲಿ ನೋಟವೂ ಮಂಕು.

ಪ್ರಶ್ನೆ: ನಮ್ಮ ತಂದೆಯವರು ಮಳೆ ನಕ್ಷತ್ರಗಳ ಮೇಲೆಯೇ ಬೇಸಾಯ ಮಾಡುತ್ತಿದ್ದವರು. ನಾನೂ ಹಕ್ಕಿಗಳ ಟಿಪ್ಪಣಿಯನ್ನು ರೋಹಿಣಿ, ಮೃಗಶಿರಾ, ಹಸ್ತಾ, ಸ್ವಾತಿ ಎಂದು ಬರೆಯುತ್ತೇನೆ. ಸ್ನೇಹಿತರು ಇದು ಅವೈಜ್ಞಾನಿಕ ಎನ್ನುತ್ತಾರೆ. ತಿದ್ದಿಕೊಳ್ಳಬೇಕೇ?

ಉತ್ತರ: ತಿದ್ದಿಕೊಳ್ಳುವ ಅಗತ್ಯವಿಲ್ಲ, ಪಕ್ಕದಲ್ಲಿ ತಾರೀಖನ್ನೂ ಬರೆದರೆ ಸಾಕು. ಚಾಂದ್ರಮಾನದ ತಿಂಗಳುಗಳಾಗಿದ್ದರೆ ನಿಮ್ಮ ಸ್ನೇಹಿತರ ಆಕ್ಷೇಪಕ್ಕೆ ಬಲವಿರುತ್ತಿತ್ತು, ಏಕೆಂದರೆ ಅವು ಋತುವಿನ ಎದುರು ಹಿಂದೆ ಮುಂದೆ ಸರಿದಾಡುತ್ತವೆ. ಮಳೆ ನಕ್ಷತ್ರವಾದರೋ ಸೂರ್ಯನ ನಡಿಗೆಯ ಲೆಕ್ಕ. ಮೃಗಶಿರಾ ಹುಟ್ಟುವುದು ಜೂನ್ 8ರ ಸುಮಾರಿಗೆ, ಹಸ್ತಾ ಸೆಪ್ಟೆಂಬರ್ 27ರ ಸುಮಾರಿಗೆ, ಸ್ವಾತಿ ಅಕ್ಟೋಬರ್ 24ರ ಸುಮಾರಿಗೆ. ಇದು ಒಂದು ದಿನ ಜಾರಲು ಸುಮಾರು 72 ವರ್ಷ ಬೇಕು. ಹದಿಮೂರು, ಹದಿನಾಲ್ಕು ದಿನಗಳ ಈ ಕಂತುಗಳು ಹಕ್ಕಿಗಳ ಬರುಹೋಗುವಿಕೆಯನ್ನು ಗುರುತಿಸಲು ತಿಂಗಳಿಗಿಂತ ಹೆಚ್ಚು ಹದವಾದ ಅಳತೆ ಎಂದು ನನಗೆ ಅನ್ನಿಸುತ್ತದೆ. ‘ಸೆಪ್ಟೆಂಬರಿನಲ್ಲಿ ಬಂತು’ ಎಂಬುದಕ್ಕಿಂತ ‘ಉತ್ತರಾ ಮಳೆಯಲ್ಲಿ ಸಿಪಿಲೆ ಬಂತು’ ಎಂಬುದು ನಿಖರವಾದ ಮಾತು.

ಆದರೆ ನೀವು ಕಳುಹಿಸಿದ ಪುಟಗಳಲ್ಲಿ ಬೇರೊಂದು ಕೊರತೆ ಕಾಣುತ್ತದೆ. ಹೊಸದಾಗಿ ಕಂಡದ್ದನ್ನೂ ಅಪರೂಪದ್ದನ್ನೂ ಮಾತ್ರ ಬರೆದಿದ್ದೀರಿ. ಕಾಗೆ, ಗೊರವಂಕ, ಪಿಕಳಾರಗಳು ಒಂದು ಸಲವೂ ಇಲ್ಲ. ನಿಮ್ಮೂರಿನಲ್ಲಿ ಅವು ಇಲ್ಲವೆಂದೋ, ಇದ್ದರೂ ಬರೆಯಲಿಲ್ಲವೆಂದೋ, ಇಪ್ಪತ್ತು ವರ್ಷಗಳ ನಂತರ ಈ ಪುಸ್ತಕ ಓದುವವರಿಗೆ ತಿಳಿಯುವುದು ಹೇಗೆ? ಹೋದ ದಿನ, ನಿಂತ ಹೊತ್ತು, ಕಂಡ ಎಲ್ಲ ಜಾತಿಗಳು, ಅವುಗಳ ಎಣಿಕೆ, ಇಷ್ಟಿರಲಿ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಮಾತ್ರ ‘ಇಲ್ಲ’ ಎಂಬುದಕ್ಕೂ ಬೆಲೆ ಬರುತ್ತದೆ. ಭಾರತದಲ್ಲಿ ವಲಸೆ ಹಕ್ಕಿಗಳ ಮೊದಲ ಮತ್ತು ಕೊನೆಯ ದರ್ಶನದ ತಾರೀಖುಗಳನ್ನು ಜನಸಾಮಾನ್ಯರಿಂದ ಕಲೆಹಾಕಲು 2007ರಲ್ಲಿ ಮೈಗ್ರಂಟ್ ವಾಚ್ ಎಂಬ ಯೋಜನೆ ಆರಂಭವಾಯಿತು. ಈಗ ಅಂತಹ ದಾಖಲೆಗಳು ಇ-ಬರ್ಡ್ ಎಂಬ ಜಾಗತಿಕ ಕಣಜಕ್ಕೆ ಸೇರುತ್ತವೆ. ನಿಮ್ಮ ನೋಟ್‌ಪುಸ್ತಕದ ಹಳೆಯ ಪುಟಗಳನ್ನೂ, ತಾರೀಖು ಖಚಿತವಾಗಿದ್ದರೆ, ಅಲ್ಲಿ ಸೇರಿಸಬಹುದು. ಫೆಬ್ರುವರಿಯಲ್ಲಿ ಕೆಲವು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ ಹದಿನೈದು ನಿಮಿಷ ಕುಳಿತು ಎಣಿಸಿದರೂ ಆಗುತ್ತದೆ. ಅಭ್ಯಾಸಕ್ಕೆ ಅದು ಒಳ್ಳೆಯ ಆರಂಭ.

ಒಂದು ತಿದ್ದುಪಡಿ: ಕಳೆದ ಸಂಚಿಕೆಯಲ್ಲಿ, ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ನಡುಹಗಲಿನಲ್ಲಿ ಸುತ್ತಲಿನ ಹೊಲಗಳಿಗೆ ಹೋಗಬೇಕೆಂದು ಬರೆದಿದ್ದೆ. ಆ ಭಾಗದ ಓದುಗರೊಬ್ಬರು ಸರಿಯಾಗಿಯೇ ಆಕ್ಷೇಪಿಸಿದ್ದಾರೆ. ಹಗಲು ಹೊತ್ತಿನಲ್ಲಿ ಅವು ಕೆರೆಯಲ್ಲಿಯೇ ವಿಶ್ರಮಿಸುತ್ತಿರುತ್ತವೆ, ಹೊಲಕ್ಕೆ ಇಳಿಯುವುದು ರಾತ್ರಿ ಮತ್ತು ನಸುಕಿನಲ್ಲಿ. 2024ರಲ್ಲಿ ಜಾಗತಿಕ ಮಹತ್ವದ ಜಲನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಗೆ ಹೋಗುವವರು ಬೆಳಗಾಗುವ ಮೊದಲೇ ಏರಿಯ ಮೇಲಿದ್ದರೆ, ಹಿಂಡುಗಳು ಸಾಲುಗಟ್ಟಿ ಹಿಂದಿರುಗುವುದನ್ನು ನೋಡಬಹುದು.